ಒಂದೇ ಧೂಳು, ಎರಡು ಲೆಕ್ಕ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಊರಿಗಾಂ ಸಮೀಪಿಸುತ್ತಿದ್ದಂತೆ ಚಪ್ಪಟೆ ತಲೆಯ, ಬೂದು ಬಣ್ಣದ ಗುಡ್ಡಗಳು ಕಾಣತೊಡಗುತ್ತವೆ. ಹೊಸಬರು ಅವನ್ನು ಬೆಟ್ಟವೆಂದೇ ತಿಳಿಯುತ್ತಾರೆ. ಊರಿನವರಿಗೆ ಅವು ಸೈನೈಡ್ ದಿಬ್ಬಗಳು, ಚಿನ್ನ ತೆಗೆದುಕೊಂಡು ಬಿಸಾಡಿದ ಅದಿರಿನ ಪುಡಿ. ನಿಜವಾದ ಗುಡ್ಡಸಾಲು ಪಶ್ಚಿಮಕ್ಕಿದೆ. ಆಷಾಢದ ಗಾಳಿ ಎದ್ದ ದಿನ ದಿಬ್ಬಗಳ ಧೂಳು ಮೇಲೆದ್ದು ಆ ಸಾಲು ಮಸುಕಾಗುತ್ತದೆ. ತಂತಿಯ ಮೇಲೆ ಹರವಿದ ಬಟ್ಟೆ, ಮುಚ್ಚಳ ಮರೆತ ನೀರಿನ ಕೊಡ, ಕಿಟಕಿಯ ಸಂದು, ಎಲ್ಲೆಲ್ಲೂ ಬಿಳಿಚಿದ ಪುಡಿ ಕೂರುತ್ತದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ, ನೋಡಿಕೊಳ್ಳುವವರಿಲ್ಲದೆ ಬಂದ ಕಷ್ಟ ಇದು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಮಾತು ಅರ್ಧ ಮಾತ್ರ ಸರಿ. ಈ ಧೂಳು ಗಣಿಯಷ್ಟೇ ಹಳೆಯದು. ನೆಲದಡಿಯಲ್ಲಿ ಅದು ಮನುಷ್ಯನಿಗೆ ಏನು ಮಾಡುತ್ತದೆಂದು ಬಲ್ಲ ಆಡಳಿತವೇ ನೆಲದ ಮೇಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಕೆಲಸ ಶುರುಮಾಡಿದಾಗ ಅದಿರನ್ನು ಗಿರಣಿಯಲ್ಲಿ ಕುಟ್ಟಿ, ಪಾದರಸದಿಂದ ಚಿನ್ನ ಹಿಡಿಯುತ್ತಿದ್ದರು. ಹಾಗೆ ಮಾಡಿದರೂ ಸಾಕಷ್ಟು ಚಿನ್ನ ಪುಡಿಯಲ್ಲೇ ಉಳಿಯುತ್ತಿತ್ತು. ಸೈನೈಡ್ ದ್ರಾವಣದಲ್ಲಿ ಅದನ್ನು ಕರಗಿಸಿ ತೆಗೆಯುವ ವಿಧಾನಕ್ಕೆ 1887ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಸಿಕ್ಕಿತು. ಕೋಲಾರದ ಗಣಿಗಳಿಗೂ ಅದು ಬಂತು. ಸೈನೈಡಿಗೆ ಚಿನ್ನ ಸಿಗಬೇಕಾದರೆ ಕಲ್ಲು ರಾಗಿಹಿಟ್ಟಿನಷ್ಟು ನುಣ್ಣಗಾಗಬೇಕು. ಒಟ್ಟು ಸುಮಾರು 51 ದಶಲಕ್ಷ ಟನ್ ಅದಿರಿನಿಂದ ಇಲ್ಲಿ ಸುಮಾರು 800 ಟನ್ ಚಿನ್ನ ಬಂದಿದೆ. ಎಂದರೆ ಒಂದು ಗ್ರಾಂ ಚಿನ್ನಕ್ಕೆ ಅರವತ್ತು ಕಿಲೋಗೂ ಮೀರಿದ ಕಲ್ಲಿನ ಪುಡಿ. ನೀರಿನಲ್ಲಿ ಕಲಸಿದ ಆ ಪುಡಿಯನ್ನು ಗಿರಣಿಯ ಪಕ್ಕದಲ್ಲೇ ಸುರಿದರು, ಕಾರ್ಮಿಕರ ಲೈನ್ ಮನೆಗಳೂ ಅಲ್ಲೇ ಸುತ್ತಮುತ್ತ. ಇವತ್ತು ಉಳಿದಿರುವುದು 13 ದಿಬ್ಬ, ಸುಮಾರು 33 ದಶಲಕ್ಷ ಟನ್. ಕೆಲಸ ನಡೆಯುತ್ತಿದ್ದ ದಿಬ್ಬದ ಮೇಲ್ಮೈ ಒದ್ದೆಯಾಗಿರುತ್ತಿತ್ತು ನಿಜ. ಆದರೆ ತುಂಬಿಸಿ ಬಿಟ್ಟ ಹಳೆಯ ದಿಬ್ಬಗಳು ಒಣಗುತ್ತಲೇ ಇದ್ದವು. ಮಳೆ ಬಿದ್ದಾಗ ಮೇಲೊಂದು ಗಟ್ಟಿ ಹೊಪ್ಪಳೆ ಕಟ್ಟುತ್ತದೆ, ನೀರು ಇಳಿದಲ್ಲೆಲ್ಲ ಕೊರಕಲು ಬೀಳುತ್ತದೆ. ಬಿಸಿಲಿಗೆ ಹೊಪ್ಪಳೆ ಬಿರಿದು, ದನ ತುಳಿದು ಪುಡಿಯಾದರೆ ಉಳಿದದ್ದು ಗಾಳಿಯ ಕೆಲಸ. ಹೊಳೆಯೊಂದು ವರ್ಷವಿಡೀ ಹರಿಯದ ಈ ಒಣ ಸೀಮೆಯಲ್ಲಿ ಧೂಳು ಕೂರಿಸಲು ನೀರೆಲ್ಲಿಂದ ಬರಬೇಕು?

ಈ ಪುಡಿಯ ದೊಡ್ಡ ಪಾಲು ಬೆಣಚುಕಲ್ಲು, ಅಂದರೆ ಸಿಲಿಕಾ. ಕೋಲಾರದ ಗಣಿಗಳಲ್ಲಿ ಈ ಧೂಳು ತರುವ ಸಿಲಿಕೋಸಿಸ್ ಇದೆಯೆಂದು ಮೈಸೂರು ಸರ್ಕಾರದ ಹಿರಿಯ ಸರ್ಜನ್ ಸಿ. ಕೃಷ್ಣಸ್ವಾಮಿರಾವ್ 1934ರಲ್ಲೇ ವರದಿ ಮಾಡಿದ್ದರು. 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಈ ರೋಗ ಕಂಡಿತು. ಇದು ವಾಸಿಯಾಗುವ ಕಾಯಿಲೆಯಲ್ಲ. ಕ್ಷಯವೂ ಅದರ ಬೆನ್ನಿಗೇ ಬರುತ್ತದೆ. 1952ರ ಗಣಿ ಕಾಯ್ದೆಯಡಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗವಾಯಿತು, ಪರಿಹಾರದ ಕಾನೂನಿನೊಳಗೂ ಬಂತು. ಎಲ್ಲವೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಅದೇ ಕಲ್ಲಿನ ಪುಡಿಯ ಬುಡದಲ್ಲಿ ಅಡುಗೆ ಮಾಡುತ್ತಿದ್ದ ಹೆಂಡತಿ, ಆಡುತ್ತಿದ್ದ ಮಗು ಆ ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಒಡೆಯರು ಬದಲಾದರೂ ಕಾರ್ಮಿಕನಿಗೂ ಅವನ ಮನೆಯವರಿಗೂ ನಡುವೆ ಕಾನೂನು ಎಳೆದ ಈ ಗೆರೆ ಅಳಿಯಲಿಲ್ಲ.

ನೆಲದಡಿಯ ಧೂಳಿಗೂ ಬಯಲಿನ ಧೂಳಿಗೂ ಹೋಲಿಕೆ ಸಲ್ಲದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತೂಕವಿದೆ. ಸುರಂಗದಲ್ಲಿ ಡ್ರಿಲ್ ಹಿಡಿದವನು ಉಸಿರಾಡಿದ್ದು ಇದಕ್ಕಿಂತ ಎಷ್ಟೋ ದಟ್ಟವಾದ ಧೂಳು. ಆಗತಾನೇ ಒಡೆದ ಬೆಣಚಿನ ಕಣ ಬಿಸಿಲು ಮಳೆಗೆ ಬಿದ್ದ ಹಳೆಯ ಕಣಕ್ಕಿಂತ ಹೆಚ್ಚು ಕ್ರೂರ. ಆದರೆ ಗಣಿಗೆ ಇಳಿದವನು ಪಾಳಿ ಮುಗಿಸಿ ಮೇಲೆ ಬರುತ್ತಿದ್ದ. ದಿಬ್ಬದ ಪಕ್ಕ ಹುಟ್ಟಿದವರಿಗೆ ಪಾಳಿ ಮುಗಿಯುವುದಿಲ್ಲ. ಸೈನೈಡೇ ಇಲ್ಲಿನ ದೊಡ್ಡ ವಿಷ ಎನ್ನುವ ಭಯವೂ ದಾರಿ ತಪ್ಪಿಸುತ್ತದೆ. ಬಿಸಿಲು ಗಾಳಿಗೆ ತೆರೆದುಕೊಂಡ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುತ್ತದೆ, ಸಿಲಿಕಾ ಮಾತ್ರ ಎಲ್ಲೂ ಹೋಗುವುದಿಲ್ಲ. ಇನ್ನು ಕೆಲವರು ಗಾಳಿಯ ಗುಣಮಟ್ಟ ಅಳೆಯಲು ಈಗ ನಿಯಮವಿದೆಯಲ್ಲ ಎನ್ನುತ್ತಾರೆ. 2009ರ ರಾಷ್ಟ್ರೀಯ ಮಾನದಂಡದಲ್ಲಿರುವ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಸೂಕ್ಷ್ಮ ಕಣಗಳಿವೆ, ಸೀಸವಿದೆ, ಆರ್ಸೆನಿಕ್ ಇದೆ. ಸಿಲಿಕಾ ಇಲ್ಲ. ಸೂಕ್ಷ್ಮ ಕಣಗಳ ಒಟ್ಟು ತೂಕ ಹೇಳುವ ಯಂತ್ರ, ಅದರಲ್ಲಿ ಲಾರಿಯ ಹೊಗೆ ಎಷ್ಟು, ಬೆಣಚು ಎಷ್ಟು ಎಂದು ಹೇಳುವುದಿಲ್ಲ. ಆ ಮಾನದಂಡಕ್ಕೂ ಮೊದಲೇ, ಕೆಲಸದ ಜಾಗದಲ್ಲಿ ಉಸಿರಿನೊಡನೆ ಒಳಹೋಗುವ ಸ್ಫಟಿಕ ಸಿಲಿಕಾ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ನಿರ್ಣಯಿಸಿತ್ತು.

2024ರ ಜೂನ್‌ನಲ್ಲಿ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು; ಜಾಗ 1,003 ಎಕರೆ. ಕೆಲಸ ಕಳೆದುಕೊಂಡ ಊರಿಗೆ ಕೆಲಸ ಬರಲಿ, ಅದನ್ನು ಬೇಡ ಎನ್ನುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಆದರೆ ಕೂತ ಧೂಳನ್ನು ಎಬ್ಬಿಸುವ ಕೆಲಸವಿದು. ಮೊದಲ ಸಲಿಕೆ ಬೀಳುವ ಮುನ್ನ ಒಂದು ಆಷಾಢವಾದರೂ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಗಾಳಿಯಲ್ಲಿರುವ ಸಿಲಿಕಾವನ್ನು ಅಳೆಯಲಿ. ಲೈನ್ ಮನೆಗಳ ಹೆಂಗಸರ, ಮಕ್ಕಳ, ನಿವೃತ್ತರ ಎದೆಯ ಎಕ್ಸ್‌ರೇ ತೆಗೆಯಲಿ. ಅಂಕಿಗಳನ್ನು ನಗರಸಭೆಯ ಗೋಡೆಯ ಮೇಲೆ ಹಾಕಲಿ. ದಿಬ್ಬಗಳ ಕೆಲಸಕ್ಕೆ ಕರೆಯುವ ಟೆಂಡರಿನ ಷರತ್ತುಗಳಲ್ಲಿ ಇದು ಮೊದಲನೆಯದಾಗಬೇಕೆಂದು ಊರಿನವರೂ ಅವರ ಪ್ರತಿನಿಧಿಗಳೂ ಈಗಲೇ ಪಟ್ಟುಹಿಡಿದು ಕೇಳಬೇಕು.