ಬೆಂಗಳೂರಿನ ದೀಪ ಮತ್ತು ಅದರ ನೆಚ್ಚಿಕೆ

ವಿದ್ಯುಚ್ಛಕ್ತಿಯ ವೇಗವು ಎಲ್ಲರೂ ಬಲ್ಲ ವಿಷಯ. ಕಾವೇರಿಯ ದಡದಲ್ಲಿ ಯಂತ್ರವು ತಿರುಗಿದ ಫಲ ಬೆಂಗಳೂರಿನ ದೀಪಕ್ಕೆ ಮುಟ್ಟಲು ನಾವು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದುದರಿಂದ ಈ ಶಕ್ತಿಯ ಹಂಚಿಕೆಯಲ್ಲಿ ತಲಪಿಸುವ ವೇಗವು ಎಂದೂ ತೊಡಕಾಗಲಿಲ್ಲ. ತೊಡಕಾದುದು ನೆಚ್ಚಿಕೆ, ಹತ್ತಿದ ದೀಪವು ಉರಿಯುತ್ತಲೇ ಇರುವುದೆ ಎಂಬ ಪ್ರಶ್ನೆ. ಆ ಪ್ರಶ್ನೆಯ ಚರಿತ್ರೆಯನ್ನು ನಮ್ಮ ಊರಿನ ಮಟ್ಟಿಗೆ ವಿಚಾರಿಸೋಣ.

ಶಿವನಸಮುದ್ರದ ಯೋಜನೆಯು ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಆರಂಭವಾಯಿತು. ಅದರ ಎಂಜಿನಿಯರು ಜೋಲಿ ಡಿ ಲಾಟ್ಬಿನಿಯೇರ್. 1901ರಲ್ಲಿ ಅಯ್ಯರವರು ಕಾಲವಾದರು. 1902ರ ಜೂನ್ ತಿಂಗಳಲ್ಲಿ ಶಕ್ತಿಯು 92 ಮೈಲಿಗಳಾಚೆ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಲೋಕದಲ್ಲಿಯೇ ವಿರಳ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ 5ರಂದು. ಏಷ್ಯಾ ಖಂಡದಲ್ಲಿಯೇ ಮೊದಲು ನಮ್ಮಲ್ಲಿ ಬೀದಿದೀಪ ಉರಿಯಿತೆಂದು ಹೇಳಿಕೊಳ್ಳುವವರುಂಟು. ಅಭಿಮಾನವೇನೋ ಸಹಜ, ಆದರೆ ಕಲ್ಕತ್ತೆಯಲ್ಲಿ 1899ರಿಂದಲೇ ವಿದ್ಯುತ್ತಿನ ಸರಬರಾಜು ನಡೆಯುತ್ತಿತ್ತು. ನಮ್ಮ ಹಿರಿಮೆ ಬೇರೊಂದು: ದೂರದ ನದಿಯ ನೀರಿನಿಂದ ಊರನ್ನು ಬೆಳಗಿದುದು.

ಗಣಿಗೆ ಮೊದಲು, ಊರಿಗೆ ಆಮೇಲೆ ಎಂಬ ಈ ಕ್ರಮವನ್ನು ನಾವು ಗಮನಿಸಬೇಕು. ಅದಿರು ಕುಟ್ಟುವ ಯಂತ್ರವು ಒಂದು ಗಂಟೆ ನಿಂತರೆ ಅದರ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು. ಬಸವನಗುಡಿಯಲ್ಲಿ ಓದುತ್ತಿರುವ ಹುಡುಗನ ದೀಪ ಆರಿದರೆ ಅದನ್ನು ಬರೆಯುವ ಪುಸ್ತಕವಿಲ್ಲ. ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. 1898ರ ಪ್ಲೇಗಿನ ಹಾವಳಿಯಿಂದ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುವು. ಅಲ್ಲಿಯ ನೇರವಾದ ಅಡ್ಡರಸ್ತೆಗಳು ಕಂಬ ನೆಡುವುದಕ್ಕೆ ಹೇಳಿ ಮಾಡಿಸಿದಂತಿದ್ದುವು ಎಂದು ನಮಗೆ ತೋರುತ್ತದೆ. ಆದರೂ ಕಂಬ ನೆಟ್ಟ ಮಾತ್ರಕ್ಕೆ ನೆಚ್ಚಿಕೆ ಬಾರದು.

ಮೊದಲ ಕೊರತೆ ನೀರಿನದು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಗುವುದಕ್ಕೆ ವ್ಯವಸಾಯವಷ್ಟೇ ಅಲ್ಲ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವ ಅಗತ್ಯವೂ ಕಾರಣವಾಗಿತ್ತು. 1940ರಲ್ಲಿ ಶಿಂಷಾ ಕೇಂದ್ರವೂ 1940ರ ದಶಕದ ಕೊನೆಗೆ ಜೋಗದ ಕೇಂದ್ರವೂ ಸೇರಿದುವು. ಒಂದೇ ಮೂಲವನ್ನು ನಂಬಿ ಬದುಕುವ ಸ್ಥಿತಿ ಹೀಗೆ ಕಳೆಯಿತು.

ಎರಡನೆಯ ಕೊರತೆ ತಂತಿಯದು. ವೇಗದ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿಯೇ. ಮುಂಗಾರಿನ ಮೊದಲ ಸಿಡಿಲು ತಂತಿಗೆ ಬಡಿಯಿತೆನ್ನೋಣ, ಅಥವಾ ಮರದ ಕೊಂಬೆಯೊಂದು ಎರಡು ತಂತಿಗಳ ಮೇಲೆ ಬಿದ್ದಿತೆನ್ನೋಣ. ಮಿತಿಮೀರಿದ ಪ್ರವಾಹವು ಆ ಎಡೆಗೆ ನುಗ್ಗುತ್ತದೆ. ತಂತಿ ಕಾಯುತ್ತದೆ, ದೂರದ ಯಂತ್ರಗಳ ಹೆಜ್ಜೆ ತಪ್ಪುತ್ತದೆ. ಕೆಟ್ಟ ಭಾಗವನ್ನು ಒಡನೆಯೇ ಕತ್ತರಿಸದಿದ್ದರೆ ಒಳ್ಳೆಯ ಭಾಗವೂ ಕೆಡುತ್ತದೆ. ಕೇಡನ್ನು ಗುರುತಿಸುವ ಉಪಕರಣಕ್ಕೆ ರಿಲೇ ಎಂದೂ ತಂತಿಯನ್ನು ಬೇರ್ಪಡಿಸುವುದಕ್ಕೆ ಸರ್ಕ್ಯೂಟ್ ಬ್ರೇಕರ್ ಎಂದೂ ಹೆಸರು. ಸೆಕೆಂಡಿಗೆ 50 ಆವರ್ತಗಳ ನಮ್ಮ ವಿದ್ಯುತ್ತಿನಲ್ಲಿ ಐದು ಆವರ್ತಗಳೆಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಹಿರಿಯ ತಂತಿಗಳಲ್ಲಿ ಈ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು. ದೀಪವು ನಿಲ್ಲುವುದು ತಲಪಿಸುವ ವೇಗದಿಂದಲ್ಲ, ಕತ್ತರಿಸುವ ವೇಗದಿಂದ. ಕತ್ತರಿಸಿದ ಮೇಲೆ ಮನೆಗಳಿಗೆ ಇನ್ನೊಂದು ದಾರಿಯಿಂದ ಶಕ್ತಿ ಬರಬೇಕಷ್ಟೆ. ಅದಕ್ಕಾಗಿಯೇ ತಂತಿಯನ್ನು ಮರದ ಕೊಂಬೆಯಂತೆ ಬಿಡದೆ ಬಳೆಯಂತೆ ಸುತ್ತಿಸುವ ಕ್ರಮ ಬಂದಿತು.

ಇಂತಹ ವಿಷಯಗಳ ಸಂಶೋಧನೆಗೆ ನಮ್ಮ ಊರು ಆಶ್ರಯವಾದುದು ಸಂತೋಷದ ಸಂಗತಿ. ಮಲ್ಲೇಶ್ವರದ ಆಚೆಯ ವಿಜ್ಞಾನಮಂದಿರದಲ್ಲಿ 1911ರಲ್ಲಿ ಪಾಠ ಆರಂಭವಾದಾಗಲೇ ವಿದ್ಯುತ್ ತಂತ್ರವಿದ್ಯೆಯ ಶಾಖೆಯೂ ಇತ್ತು. ಅದರ ನೆರೆಯಲ್ಲಿ 1960ರಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಬ್ರೇಕರ್, ಟ್ರಾನ್ಸ್‌ಫಾರ್ಮರ್ ಮುಂತಾದುವುಗಳನ್ನು ಬೇಕೆಂದೇ ಕಠಿನವಾದ ಸ್ಥಿತಿಗೆ ಒಡ್ಡಿ ಪರೀಕ್ಷಿಸುವುದು ಅದರ ಕೆಲಸಗಳಲ್ಲಿ ಒಂದು.

ಬೆಸೆದ ಜಾಲಕ್ಕೂ ಅದರದೇ ಅಪಾಯವುಂಟು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನರು ಕತ್ತಲೆಯಲ್ಲಿ ಉಳಿದಾಗ ದಕ್ಷಿಣದ ಜಾಲವು ಕುಸಿಯಲಿಲ್ಲ. ಏಕೆಂದರೆ ಅದು ಉಳಿದುದರೊಡನೆ ಹೆಜ್ಜೆಗೂಡಿ ನಡೆಯುತ್ತಿರಲಿಲ್ಲ. 2013ರ ಡಿಸೆಂಬರ್ ಕೊನೆಗೆ ರಾಯಚೂರು–ಸೊಲ್ಲಾಪುರದ ತಂತಿಯಿಂದ ಎರಡೂ ಬೆಸೆದುವು. ಅಂದಿನಿಂದ ಕತ್ತರಿಸುವ ವೇಗದ ಹೊಣೆ ಇನ್ನೂ ಹೆಚ್ಚಾಗಿದೆ.

ಇಷ್ಟೆಲ್ಲ ಆದರೂ, ಹಿರಿಯ ತಂತಿಗೆ ದೊರೆತ ಎಚ್ಚರಿಕೆ ಕಿರಿಯ ಗಲ್ಲಿಗೆ ಅಷ್ಟಾಗಿ ದೊರೆತಿಲ್ಲ. ಎರಡು ಕಡೆಯಿಂದ ಶಕ್ತಿ ಪಡೆಯುವ ಪೆಟ್ಟಿಗೆಗಳು ರಸ್ತೆಯ ಬದಿಯಲ್ಲಿ ನಿಂತಿವೆ, ನಿಜ. ಆದರೆ ಕೊನೆಯ ಕಂಬದಿಂದ ಮನೆಗೆ ಬರುವ ತಂತಿ ಸಾಮಾನ್ಯವಾಗಿ ಒಂದೇ. ಮೇ ತಿಂಗಳ ಸಂಜೆಯ ಬಿರುಮಳೆಯಲ್ಲಿ ಅದರ ಮೇಲೆ ಕೊಂಬೆ ಬಿದ್ದರೆ, ಲೈನ್‌ಮನ್ ಏಣಿ ಹೊತ್ತು ಬರುವವರೆಗೆ ಮನೆಯವರು ಕಾಯಬೇಕು.