ಕಾಶಿಯ ಕಾಲೇಜು ಕೋರ್ಟು

ಕಾಶಿ ಅಂದ್ರೆ ಎಲ್ಲರಿಗೂ ಘಾಟು, ಗಂಗಾರತಿ. ನನಗೆ ಉದಯ್ ಪ್ರತಾಪ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟು. ಸಿಂಗ್ ಅಕ್ಕತಂಗಿಯರು ಆಟ ಕಲಿತದ್ದು ಅಲ್ಲೇ. ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ, ನಾಲ್ವರೂ ಭಾರತಕ್ಕೆ ಆಡಿದರು.

ಅವರ ಕಾಲಕ್ಕೆ ಆಟವೇ ಬದಲಾಗ್ತಾ ಇತ್ತು. 1984ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಮೂರು ಪಾಯಿಂಟಿನ ಗೆರೆ ಬಂದಿತ್ತು. 2000ದಲ್ಲಿ ಶಾಟ್ ಹೊಡೆಯೋ ಗಡುವು 30ರಿಂದ 24 ಸೆಕೆಂಡಿಗೆ ಇಳೀತು. ಒಬ್ಬರೇ ಚೆಂಡು ಬಡೀತಾ ನಿಂತರೆ ಹೊತ್ತು ಹೋಯ್ತು! ಕೈಯಿಂದ ಕೈಗೆ ಚೆಂಡು ಓಡಿದಾಗಲೇ ಎದುರಾಳಿಗಳು ಚದುರಿ, ಯಾರೋ ಒಬ್ಬಳು ಖಾಲಿ ಸಿಗ್ತಾಳೆ. ಅವಳಿಗೆ ಗುರಿ ಇಲ್ಲದಿದ್ರೆ ಅಷ್ಟೂ ಪಾಸು ದಂಡ. ನಾನು ನೋಡಿದ ಕಾಲೇಜು ಆಯ್ಕೆಗಳಲ್ಲಿ ಇವತ್ತಿಗೂ ಮೊದಲು ಅಳೆಯೋದು ಎತ್ತರವನ್ನೇ. ಗುರಿ ಇರೋ ಕುಳ್ಳಗಿನ ಹುಡುಗಿ ಮನೆಗೆ ಹೋಗ್ತಾಳೆ.

ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಬಂತು.