ಜೀಪಿನಡಿಯ ಎಣ್ಣೆ ಕಲೆ

ಹಳೆ ಜೀಪ್ ಇಟ್ಟುಕೊಂಡವರ ನಡುವೆ ಒಂದು ಜೋಕ್ ಓಡಾಡುತ್ತೆ: ಜೀಪಿನ ಕೆಳಗೆ ಎಣ್ಣೆ ಸೋರ್ತಿಲ್ಲ ಅಂದ್ರೆ ಖುಷಿಪಡಬೇಡಿ, ಒಳಗೆ ಎಣ್ಣೆಯೇ ಇಲ್ಲ ಅಂತ ಅರ್ಥ! ಅಪಾರ್ಟ್‌ಮೆಂಟಿನ ಪಾರ್ಕಿಂಗ್ ನೆಲದಲ್ಲಿ ಕಪ್ಪು ಕಲೆ ಬಿದ್ದು, ಅಸೋಸಿಯೇಷನ್‌ನವರು ಫೋಟೋ ತೆಗೆದು ಗ್ರೂಪಿಗೆ ಹಾಕೋವರೆಗೂ ಈ ಜೋಕ್ ಚೆನ್ನಾಗಿಯೇ ಇರುತ್ತೆ. ಈಗೀಗ ನನ್ನ ಗೆಳೆಯರಲ್ಲೇ ಮೂರ್ನಾಲ್ಕು ಜನ ಹಳೆಯ ಸಿಜೆ-3ಬಿ ಜೀಪ್ ಹುಡುಕಿ ತಂದಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, 'ಇದು ಯಾಕೆ ಇಷ್ಟು ಸೋರುತ್ತೆ ಮಾರಾಯ?' ಉತ್ತರ ಅರ್ಧ ಗ್ಯಾರೇಜಿನಲ್ಲಿದೆ, ಇನ್ನರ್ಧ ಚರಿತ್ರೆಯಲ್ಲಿ.

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿ ಬೇಕು ಅಂತ 135 ಕಂಪನಿಗಳನ್ನು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ ಸೆಪ್ಟೆಂಬರ್ 23ರಂದು ಗಾಡಿಯನ್ನು ತಂದು ನಿಲ್ಲಿಸಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪ್ ತಯಾರಿಸಿದವು. ಬೇಗ ಆಗಬೇಕು, ಎಲ್ಲಿ ಕೆಟ್ಟರೂ ಸ್ಪ್ಯಾನರ್ ಹಿಡಿದು ರಿಪೇರಿ ಮಾಡುವಂತಿರಬೇಕು ಅನ್ನೋದು ಲೆಕ್ಕ. ಮೊಮ್ಮಕ್ಕಳ ಕಾಲಕ್ಕೂ ಓಡಬೇಕು ಅಂತ ಯಾರೂ ಕೇಳಿರಲಿಲ್ಲ.

ಎರಡು ಚಕ್ರಕ್ಕೆ ಶಕ್ತಿ ಕೊಡುವ ಕಾರಿಗಿಂತ ಜೀಪಿನಲ್ಲಿ ಎಣ್ಣೆ ತುಂಬಿದ ಪೆಟ್ಟಿಗೆಗಳು ಜಾಸ್ತಿ. ಗೇರ್‌ಬಾಕ್ಸ್, ಅದರ ಬೆನ್ನಿಗೇ ಅಂಟಿಕೊಂಡು ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದೆ ಒಂದು ಆಕ್ಸಲ್, ಮುಂದೆ ಇನ್ನೊಂದು. ಪ್ರತಿಯೊಂದರಿಂದಲೂ ತಿರುಗುವ ಶಾಫ್ಟ್ ಹೊರಗೆ ಬರಬೇಕು, ಎಣ್ಣೆ ಮಾತ್ರ ಬರಬಾರದು. ಇದು ಹೇಳಿದಷ್ಟು ಸುಲಭವಲ್ಲ.

ಮೊದಮೊದಲು ಈ ಕೆಲಸಕ್ಕೆ ಇದ್ದದ್ದು ಉಣ್ಣೆಯ ಫೆಲ್ಟ್, ಹೆಣೆದ ಹಗ್ಗ ಮತ್ತು ಚರ್ಮ. ಜರ್ಮನಿಯ ಫ್ರಾಯ್ಡೆನ್‌ಬರ್ಗ್ 1849ರಲ್ಲಿ ಚರ್ಮ ಹದ ಮಾಡೋಕೆ ಶುರುವಾದ ಕಂಪನಿ. ಅದು 1929ರಲ್ಲಿ ಚರ್ಮದ ಸೀಲ್ ಮಾಡಲು ಹೊರಟಿತು. ಮುಂದೆ ಅದೇ ಸೀಲಿಗೆ ವಾಲ್ಟರ್ ಸಿಮ್ಮರ್ ಅನ್ನೋ ಎಂಜಿನಿಯರ್ ಹೆಸರು ಸೇರಿ 'ಸಿಮ್ಮರ್‌ರಿಂಗ್' ಆಯಿತು. 1936ರಲ್ಲಿ ಚರ್ಮದ ಜಾಗಕ್ಕೆ ಕೃತಕ ರಬ್ಬರ್ ಬಂತು. ಅಂದರೆ ಜೀಪ್ ಹುಟ್ಟಿದ್ದು ಚರ್ಮ ಹೋಗಿ ರಬ್ಬರ್ ಬರುತ್ತಿದ್ದ ಸಂಧಿಕಾಲದಲ್ಲಿ. ಮುಂದಿನ ಚಕ್ರ ತಿರುಗಿಸುವ ಕಬ್ಬಿಣದ ಗುಂಡಿನ ಸುತ್ತ ಇವತ್ತಿಗೂ ಫೆಲ್ಟ್ ಪಟ್ಟಿಯೇ ಇರುತ್ತೆ. ಅದು ನೀರು ತಡೆಯುವ ಬಾಗಿಲಲ್ಲ, ಹೆಚ್ಚೆಂದರೆ ಒಂದು ಪರದೆ.

ರಬ್ಬರ್ ಬಂದ ಮೇಲೂ ಕಥೆ ಮುಗಿಯಲಿಲ್ಲ. ಸೀಲಿನ ತುಟಿ ಶಾಫ್ಟಿಗೆ ಒಣಗಿಕೊಂಡು ಉಜ್ಜಿದರೆ ಸುಟ್ಟುಹೋಗುತ್ತೆ. ಹಾಗಾಗಿ ಅದು ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಣ್ಣೆಯ ಪದರದ ಮೇಲೆ ತೇಲಬೇಕು. ಒಂಚೂರು ಒದ್ದೆಯಾಗಿದ್ದರೇನೇ ಸೀಲ್ ಬಾಳೋದು.

ಸೇನೆಗೆ ಇದು ಗೊತ್ತಿತ್ತು. ಅಮೆರಿಕದ ಸೇನೆಯ ಕೈಪಿಡಿಗಳಲ್ಲಿ ಸೋರಿಕೆಗೆ ಮೂರು ದರ್ಜೆ ಬಂದವು. ಒಂದನೆಯದು, ಜಾಗ ಒದ್ದೆಯಾಗಿದೆ, ಹನಿ ಕಟ್ಟಿಲ್ಲ. ಎರಡನೆಯದು, ಹನಿ ಕಟ್ಟಿದೆ, ಬೀಳುತ್ತಿಲ್ಲ. ಮೂರನೆಯದು, ಹನಿ ಬೀಳುತ್ತಿದೆ. ಮೊದಲೆರಡಕ್ಕೆ ಎಣ್ಣೆಯ ಮಟ್ಟ ನೋಡಿಕೊಂಡು ಗಾಡಿ ಓಡಿಸಬಹುದು, ಮೂರನೆಯದನ್ನು ಮೇಲಿನವರಿಗೆ ತಿಳಿಸಬೇಕು. ಸೋರಿಕೆಯನ್ನು ನಿಲ್ಲಿಸೋದಕ್ಕಿಂತ ಮೊದಲು ಅದನ್ನು ಓದೋಕೆ ಕಲಿಸುವ ಪಾಠ ಇದು. ನನಗೆ ತುಂಬಾ ಇಷ್ಟವಾಗೋದು ಇದೇ.

ನಮ್ಮ ಕಡೆ ಈ ಪಾಠ ಪುಸ್ತಕದಿಂದ ಬರಲಿಲ್ಲ. ಮಹೀಂದ್ರ ಸಹೋದರರು ಗುಲಾಮ್ ಮೊಹಮ್ಮದ್ ಜೊತೆ ಸೇರಿ 1945ರಲ್ಲಿ ಕಂಪನಿ ಶುರು ಮಾಡಿದರು. ದೇಶ ಒಡೆದಾಗ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಅಂತಾಯಿತು. ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಇಲ್ಲಿ ಜೋಡಿಸತೊಡಗಿದ ಈ ಕಂಪನಿ, 1953ರಲ್ಲಿ ಅಮೆರಿಕದಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿಯನ್ನೂ ಇಲ್ಲೇ ತಯಾರಿಸಿತು. ಅಲ್ಲಿ ಅದು 1968ಕ್ಕೆ ನಿಂತುಹೋಯಿತು, ನಮ್ಮಲ್ಲಿ ಆಮೇಲೂ ಬಹಳ ವರ್ಷ ನಡೆಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂದ ಜೀಪುಗಳು ಗೊಬ್ಬರ, ಕಾಫಿ ಮೂಟೆ, ಆಳುಕಾಳು, ಬಾಣಂತಿ ಎಲ್ಲರನ್ನೂ ಹೊತ್ತವು. ಯುದ್ಧಕ್ಕಾಗಿ ಹುಟ್ಟಿದ ಗಾಡಿ ಮನೆಯ ಹಿರಿಯನಾಯಿತು. ಅದನ್ನು ಅಷ್ಟು ದಿನ ಉಳಿಸಿದ್ದು ಸಣ್ಣ ಊರುಗಳ ಮೆಕ್ಯಾನಿಕ್‌ಗಳು.

ಮೂಡಿಗೆರೆ ಕಡೆಯ ಅಂಥ ಒಬ್ಬರ ಹತ್ತಿರ ನಾನು ಗೆಳೆಯನ ಜೀಪ್ ತಗೊಂಡು ಹೋಗಿದ್ದೆ. ಟ್ರಾನ್ಸ್‌ಫರ್ ಕೇಸಿನ ಹಿಂಬದಿ ಸೋರುತ್ತಿತ್ತು. ನಗರದ ಗ್ಯಾರೇಜೊಂದು ಆಗಲೇ ಎರಡು ಸಲ ಸೀಲ್ ಬದಲಿಸಿತ್ತು. ಇವರು ಕೆಳಗೆ ಮಲಗಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿ ನೋಡಿದರು. ಗಂಧಕದ ಗಬ್ಬು ವಾಸನೆ ಇದ್ದರೆ ಗೇರ್ ಆಯಿಲ್, ಇಲ್ಲದಿದ್ದರೆ ಎಂಜಿನ್ನಿನದು. ಆಮೇಲೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. "ಪಾಪ, ಸೀಲ್ ಏನ್ ಮಾಡುತ್ತೆ ಸಾರ್? ಶಾಫ್ಟೇ ಕುಣೀತಾ ಇದೆ" ಅಂದರು.

ಬಿಚ್ಚಿದಾಗ ವಿಷಯ ಗೊತ್ತಾಯಿತು. ಆ ಬೇರಿಂಗಿನ ಮುಚ್ಚಳದಡಿ ಕಾಗದದಷ್ಟು ತೆಳುವಾದ ಶಿಮ್ ತಗಡುಗಳಿರಬೇಕು. ಬೇರಿಂಗ್ ಎಷ್ಟು ಬಿಗಿಯಾಗಿರಬೇಕು ಅನ್ನೋದನ್ನು ತೀರ್ಮಾನಿಸೋದು ಅವು. ಯಾರೋ ಅವನ್ನು ಎಸೆದು ಸಿಲಿಕಾನ್ ಅಂಟು ಮೆತ್ತಿದ್ದರು. ಜೊತೆಗೆ, ಇಷ್ಟು ವರ್ಷ ಮೆತ್ತನೆ ರಬ್ಬರ್ ಉಜ್ಜಿ ಉಜ್ಜಿ ಉಕ್ಕಿನಲ್ಲೇ ಗೆರೆ ಬಿದ್ದಿತ್ತು! ರಬ್ಬರಿನಲ್ಲಿ ಸಿಕ್ಕಿಕೊಂಡ ಧೂಳು ಅರದಂತೆ ಕೆಲಸ ಮಾಡುತ್ತೆ. ಆ ಗೆರೆಯ ಮೇಲೆ ಎಂಥ ಹೊಸ ಸೀಲ್ ಕೂರಿಸಿದರೂ ಸೋರೋದೇ. ಅದಕ್ಕೆ ತೆಳುವಾದ ಉಕ್ಕಿನ ತೋಳು ತೊಡಿಸಬೇಕು, ಇಲ್ಲವೇ ಸೀಲನ್ನು ಗೆರೆ ತಪ್ಪಿಸಿ ತುಸು ಹಿಂದೆ ಮುಂದೆ ಕೂರಿಸಬೇಕು.

ಕೊನೆಯಲ್ಲಿ ಅವರು ಆಕ್ಸಲಿನ ಮೇಲಿದ್ದ ಬ್ರೀದರ್ ಬಿಚ್ಚಿ ಕೆಸರು ತೆಗೆದರು. ಗಾಡಿ ಓಡಿ ಬಿಸಿಯಾದಾಗ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗುತ್ತೆ. ಅದಕ್ಕೆ ಉಸಿರಾಡಲು ಇರುವ ಪುಟ್ಟ ಕಿಂಡಿ ಇದು. ಅದು ಮುಚ್ಚಿಹೋದರೆ ಒತ್ತಡ ಹೆಚ್ಚಿ ಎಣ್ಣೆ ಸೀಲನ್ನು ದಾಟಿ ಬರುತ್ತೆ. ಹಾಗೇ ಬಿಸಿ ಗಾಡಿ ಹಳ್ಳಕ್ಕಿಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಅದೇ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಆಗ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತೆ. ಸಾವಿರಾರು ರೂಪಾಯಿಯ ಕೆಲಸಕ್ಕೆ ಮೊದಲು ನೋಡಬೇಕಾದದ್ದು ಖರ್ಚೇ ಇಲ್ಲದ ಈ ಕಿಂಡಿಯನ್ನು.

ಎಲ್ಲ ಸೋರಿಕೆಯನ್ನೂ ನಕ್ಕು ಬಿಡಬಹುದು ಅಂತ ನಾನು ಹೇಳ್ತಿಲ್ಲ. ಹಿಂದಿನ ಆಕ್ಸಲಿನ ತುದಿಯ ಸೀಲ್ ಹೋದರೆ ಎಣ್ಣೆ ನೆಲಕ್ಕೆ ಬೀಳೋದಕ್ಕಿಂತ ಮೊದಲು ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತೆ. ಪಾರ್ಕಿಂಗ್ ನೆಲ ಸ್ವಚ್ಛವಾಗೇ ಇರುತ್ತೆ, ಅಸೋಸಿಯೇಷನ್‌ನವರೂ ಸುಮ್ಮನಿರುತ್ತಾರೆ. ಚಾರ್ಮಾಡಿ ಘಾಟಿ ಇಳಿಯುವಾಗ ಎಣ್ಣೆ ಕುಡಿದ ಬ್ರೇಕ್ ಹಿಡಿಯೋದಿಲ್ಲ. ಚಕ್ರದ ಒಳಮೈಯಲ್ಲಿ ಒದ್ದೆ ಗೆರೆ ಕಂಡರೆ ಅದಕ್ಕೆ ದರ್ಜೆ ಗಿರ್ಜೆ ಇಲ್ಲ, ಗಾಡಿ ಅಲ್ಲೇ ನಿಲ್ಲಬೇಕು.

ಬಣ್ಣ ಹೊಡೆದು, ಹೊಸ ಸೀಟ್ ಹಾಕಿ, ಸೋರುವ ಕಡೆಯೆಲ್ಲ ಅಂಟು ಮೆತ್ತಿ 'ರಿಸ್ಟೋರ್ ಮಾಡಿದ್ದು' ಅಂತ ಮಾರುವ ಜೀಪುಗಳು ಈಗ ಹೆಚ್ಚಾಗಿವೆ. ಮೂಸಿ ನೋಡಿ, ಅಲ್ಲಾಡಿಸಿ ನೋಡಿ ಹೇಳುವ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಜೀಪ್ ಕೊಂಡಿದ್ದರೆ ಜೆ.ಸಿ. ರಸ್ತೆಗೆ ಸೀಲ್ ತರೋಕೆ ಓಡುವ ಮೊದಲು ಒಂದು ವಾರ ರಾತ್ರಿ ಗಾಡಿಯಡಿ ಹಳೆ ರಟ್ಟು ಹಾಸಿಡಿ. ಬೆಳಗ್ಗೆ ಕಲೆ ಎಲ್ಲಿ ಬಿದ್ದಿದೆ, ಎಷ್ಟಿದೆ, ಯಾವ ವಾಸನೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಆ ರಟ್ಟು ತಗೊಂಡು ಅಂಥ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ.